ಊರ ಹೆಸರು ಒಡೆಯದಿರಲಿ

ಬೈಲಹೊಂಗಲದ ಹೆಸರಿಗೆ ಒತ್ತಕ್ಷರದ ತೊಡಕಿಲ್ಲ. ಕಿತ್ತೂರು, ಸವದತ್ತಿ, ರಾಮದುರ್ಗಗಳಿಗೆ ಉಂಟು. ಗಣಕಕ್ಕೆ ಬರಹದಿಂದಲೇ ಆಜ್ಞೆ ನೀಡುವ ‘ಟರ್ಮಿನಲ್’ ಕಿಟಕಿಯಲ್ಲಿ ಈ ಹೆಸರುಗಳು ಎಷ್ಟೋ ವೇಳೆ ಒಡೆದು ಕಾಣುತ್ತವೆ. ಕಾರಣ ಹಳೆಯದು. 1978ರ ವಿಟಿ-100 ಯಂತ್ರದ ತೆರೆಯಲ್ಲಿ ಸಾಲಿಗೆ 80 ಮನೆ, ಮನೆಗೊಂದೇ ಅಕ್ಷರ. ಅದನ್ನು ಅನುಕರಿಸುವ ಇಂದಿನ ತಂತ್ರಾಂಶಗಳದೂ ಬಹುಮಟ್ಟಿಗೆ ಅದೇ ಲೆಕ್ಕ. ಕಿತ್ತೂರಿನ ತವೊತ್ತು ಕೆಳಗಿಳಿಯಬೇಕು. ರಾಮದುರ್ಗದಲ್ಲಿ ಮೊದಲು ಉಚ್ಚರಿಸುವ ರಕಾರ ಗಕಾರದ ಬಲಕ್ಕೆ ಸರಿಯಬೇಕು. ಮನೆಯ ಲೆಕ್ಕ ಇದನ್ನರಿಯದು.

ಪರಿಹಾರವುಂಟು. ಅಕ್ಷರ ಮೂಡಿಸುವ ಭಾಗವನ್ನು ಬೇರ್ಪಡಿಸಿ, ತಂತ್ರಾಂಶ ನಡೆಯುತ್ತಿರುವಾಗಲೇ ಜೋಡಿಸಬಲ್ಲ ಬಿಡಿಭಾಗವಾಗಿಸಿದರೆ, ಕನ್ನಡ ಬಲ್ಲ ಭಾಗಕ್ಕಾಗಿ ಎಲ್ಲವನ್ನೂ ಮತ್ತೆ ಕಟ್ಟಬೇಕಿಲ್ಲ. ಆದರೆ ಎರಡರ ಕೀಲೂ ಸರಿಯಾಗಿ ಕೂಡಬೇಕು; ತಪ್ಪಿದರೆ ಇಡೀ ತಂತ್ರಾಂಶವೇ ಕುಸಿಯುವುದುಂಟು. ಗಾಲಿ ಬದಲಿಸಬೇಕೆಂದು ಬಂಡಿಯನ್ನೇ ಒಡೆಯುವ ರೈತನುಂಟೆ?