ಹಾವಿಗೆ ಹಗೆಯೂ ಇಲ್ಲ, ಒಲವೂ ಇಲ್ಲ



ನೆಲಗಡಲೆ ಬೆಳೆಯ ಕ್ಷೇತ್ರೋತ್ಸವವೊಂದರಲ್ಲಿ ಸುರುಳಿ ಪೂಚಿ, ಟಿಕ್ಕಾ ರೋಗಗಳ ಮಾತೆಲ್ಲ ಮುಗಿದ ಮೇಲೆ ಹಿರಿಯ ರೈತರೊಬ್ಬರು ನನ್ನನ್ನು ಬದಿಗೆ ಕರೆದರು. "ಸ್ವಾಮಿ, ಮೊನ್ನೆ ಕಣದಾಗೆ ಒಂದು ಕೇರೆಹಾವು ಹೊಡೆದ್ವಿ. ನಿನ್ನೆ ಅದೇ ಜಾಗಕ್ಕೆ ಇನ್ನೊಂದು ಬಂದಿತ್ತು. ಅದರ ಜೋಡಿ ಹಗೆ ತೀರಿಸ್ಕೊಳ್ಳೋಕೆ ಬಂದಿರಬಹುದೇ?" ಎಂದು ಕೇಳಿದರು. ಬೆಳೆಗೆ ಸಂಬಂಧಿಸಿದ್ದಲ್ಲವೆಂದು ನಕ್ಕು ತಳ್ಳಿಹಾಕುವ ಪ್ರಶ್ನೆ ಇದಲ್ಲ. ಇದಕ್ಕೆ ನಾವು ಕಂಡುಕೊಳ್ಳುವ ಉತ್ತರದ ಮೇಲೆ ಕಣಜದ ಕಾಳೂ ಮನೆಯವರ ಪ್ರಾಣವೂ ನಿಂತಿವೆ.

ಹಗೆಯಲ್ಲ, ಹಸಿವು

ಹಾವು ತನ್ನನ್ನು ಹೊಡೆದವರ ಮುಖವನ್ನು ಕಣ್ಣಿನಲ್ಲಿ ಅಚ್ಚೊತ್ತಿಕೊಂಡು, ಹನ್ನೆರಡು ವರ್ಷವಾದರೂ ಬಿಡದೆ ಸೇಡು ತೀರಿಸುತ್ತದೆಂದು ನಮ್ಮಲ್ಲಿ ಬಹಳ ಜನ ನಂಬುತ್ತಾರೆ. ಸೇಡು ಮನುಷ್ಯನ ಗುಣ. ಅದನ್ನು ನಾವು ಹಾವಿಗೆ ಆರೋಪಿಸಿದ್ದೇವೆ, ಅಷ್ಟೆ. ನಮ್ಮ ಹೊಲಗಳಲ್ಲಿರುವ ಹಾವುಗಳು ಗಂಡಹೆಂಡಿರಂತೆ ಜೋಡಿಯಾಗಿ ಬಾಳುವುದಿಲ್ಲ. ಬೆದೆಯ ಕಾಲದಲ್ಲಿ ಕೂಡಿ, ಅನಂತರ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಹಾಗಾದರೆ ಅದೇ ಕಣಕ್ಕೆ ಇನ್ನೊಂದು ಹಾವು ಬಂದದ್ದೇಕೆ? ಮೊದಲನೆಯದು ಬಂದ ಕಾರಣಕ್ಕೇ. ಕಣದಲ್ಲಿ ಕಾಳಿತ್ತು, ಕಾಳಿಗೆ ಇಲಿ ಬಂದಿತ್ತು, ಪಕ್ಕದಲ್ಲೇ ಅಡಗಲು ಬಣವೆಯೂ ಇತ್ತು. ಹಾವನ್ನು ಹೊಡೆದೆವು, ಇಲಿಯನ್ನು ಹಾಗೆಯೇ ಬಿಟ್ಟೆವು.

ಒಲವಲ್ಲ, ಕಾಳಗ

ಎರಡು ಹಾವುಗಳು ಹೆಣೆದುಕೊಂಡು ಎದ್ದೆದ್ದು ಬೀಳುವುದನ್ನು ನೀವೂ ಕಂಡಿರಬಹುದು. ನಾಗರವೂ ಕೇರೆಯೂ ಕೂಡುತ್ತಿವೆಯೆಂದು ಭಾವಿಸಿ, ಅವುಗಳ ಮೇಲೆ ಬಟ್ಟೆ ಹಾಸಿ, ಆ ಬಟ್ಟೆಯನ್ನು ಶುಭವೆಂದು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವವರಿದ್ದಾರೆ. ವಾಸ್ತವವಾಗಿ ಅವು ಸಾಮಾನ್ಯವಾಗಿ ಎರಡು ಗಂಡು ಕೇರೆಹಾವುಗಳು. ಒಂದು ಇನ್ನೊಂದನ್ನು ನೆಲಕ್ಕೆ ಒತ್ತಿ ಸೋಲಿಸಲು ನೋಡುತ್ತಿರುತ್ತದೆ. ನಾಗರ ಮತ್ತು ಕೇರೆ ಬೇರೆ ಬೇರೆ ಜಾತಿಯವು. ಅವು ಕೂಡುವ ಮಾತಿರಲಿ, ಸಿಕ್ಕರೆ ಕೇರೆಯನ್ನು ನಾಗರ ನುಂಗಿಬಿಡುವುದೂ ಉಂಟು. ನಮ್ಮ ಕಣ್ಣಿಗೆ ಸರಸವಾಗಿ ಕಾಣುವುದು ಅವುಗಳ ಪಾಲಿಗೆ ಕುಸ್ತಿ!

ಹಾಲು ಕುಡಿಯುವ ಮಾತೂ ಹೀಗೆಯೇ. ಹಾವು ಮಾಂಸಾಹಾರಿ, ಹಾಲು ಅದರ ಆಹಾರವಲ್ಲ. ಹಾವಾಡಿಗರು ನೀರು ಕೊಡದೆ ಒಣಗಿಸಿದ ಹಾವು ಬಾಯಾರಿಕೆಯಿಂದ ಹಾಲಿಗೆ ಬಾಯಿ ಹಾಕುತ್ತದೆಯೇ ಹೊರತು ನಮ್ಮ ಭಕ್ತಿಗೆ ಒಲಿದು ಅಲ್ಲ. ಕೇರೆಹಾವು ಕೊಟ್ಟಿಗೆಗೆ ಬರುವುದು ಹಸುವಿನ ಕೆಚ್ಚಲಿಗಲ್ಲ, ಹಿಂಡಿಯ ಚೀಲ ಕಡಿಯುವ ಇಲಿಗೆ.

ನಂಬಿಕೆಯಿಂದ ಒಳಿತೂ ಆಗಿದೆ. ಕರಾವಳಿಯ ನಾಗಬನಗಳಲ್ಲಿ ಮರಗಿಡಗಳು ಕೊಡಲಿಯಿಂದ ಉಳಿದಿರುವುದು ನಾಗನ ಮೇಲಿನ ಭಕ್ತಿಯಿಂದಲೇ. ಆದರೆ ಕಲ್ಲಿನ ನಾಗನಿಗೆ ಪೂಜೆ ಸಲ್ಲಿಸಿದ ಕೈಯೇ ಜೀವಂತ ಹಾವಿಗೆ ದೊಣ್ಣೆ ಎತ್ತುತ್ತದೆಂಬುದೂ ಸುಳ್ಳಲ್ಲ.

ತಪ್ಪು ತಿಳಿವಳಿಕೆಯ ಬೆಲೆ

ಇಲಿ ಗಬ್ಬ ಧರಿಸಿದ ಮೂರು ವಾರಗಳಲ್ಲೇ ಮರಿ ಹಾಕುತ್ತದೆ. ಅದರ ಬಿಲದೊಳಗೆ ಬೆಕ್ಕಾಗಲಿ ಗೂಬೆಯಾಗಲಿ ಇಳಿಯಲಾರದು, ಹಾವು ಇಳಿಯಬಲ್ಲದು. ವಿಷವೇ ಇಲ್ಲದ ಕೇರೆಹಾವನ್ನು ಹಗೆಯ ಭಯದಿಂದ ಕೊಂದವರು ಖರ್ಚಿಲ್ಲದೆ ಇಲಿ ಹಿಡಿಯುತ್ತಿದ್ದ ಜೀವವನ್ನು ಕಳೆದುಕೊಂಡಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದು ಅಪರಾಧವೂ ಹೌದು.

ಇದಕ್ಕಿಂತ ದೊಡ್ಡ ನಷ್ಟ ಪ್ರಾಣದ್ದು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ, 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆ. ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲೇ ಆಗಿವೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಘೋಷಿಸಿತು.

ಕಡಿತವನ್ನು ನಾಗದೋಷ, ಹಳೆಯ ಹಗೆ ಎಂದು ತಿಳಿದವರು ಮೊದಲು ಹುಡುಕುವುದು ಮಂತ್ರ ಹಾಕುವವರನ್ನು. ಮಂತ್ರದಿಂದ ಗುಣವಾದವರನ್ನು ಕಂಡಿದ್ದೇವೆ ಎಂದು ನೀವು ಹೇಳಬಹುದು. ಕಚ್ಚುವ ಹಾವುಗಳಲ್ಲಿ ಅನೇಕವು ವಿಷವಿಲ್ಲದವು. ವಿಷದ ಹಾವು ಸಹ ಕೆಲವೊಮ್ಮೆ ವಿಷವಿಳಿಸದೆ ಕಚ್ಚುತ್ತದೆ. ಅಂಥವರು ಮಂತ್ರವಿಲ್ಲದಿದ್ದರೂ ಬದುಕುತ್ತಿದ್ದರು. ವಿಷ ಏರಿದವರಿಗೆ ಮಾತ್ರ ಕಳೆದುಹೋದ ಒಂದೆರಡು ಗಂಟೆ ಮರಳಿ ಸಿಗುವುದಿಲ್ಲ.

ಅನುಸರಿಸಬೇಕಾದ ಕ್ರಮಗಳು

1. ಬಣವೆ, ಸೌದೆ ರಾಶಿಗಳನ್ನು ಮನೆಯಿಂದ ದೂರವಿಡಿರಿ. ಕಾಳು ಚೆಲ್ಲದಂತೆ ನೋಡಿಕೊಂಡು, ಮನೆಯ ಸುತ್ತಲಿನ ಇಲಿ ಬಿಲಗಳನ್ನು ಮುಚ್ಚಿರಿ.

2. ರಾತ್ರಿ ನೀರು ಕಟ್ಟಲು ಹೋಗುವಾಗ ಬ್ಯಾಟರಿ ದೀಪ, ಕೋಲು, ಪಾದ ಮುಚ್ಚುವ ಬೂಟು ಇರಲಿ. ಕೊಳಕುಮಂಡಲ ಅಲುಗದೆ ಬಿದ್ದಿರುತ್ತದೆ, ತುಳಿದರೆ ಕಚ್ಚುತ್ತದೆ.

3. ನೆಲದ ಮೇಲೆ ಮಲಗಬೇಡಿರಿ. ಮಂಚ ಮತ್ತು ಸೊಳ್ಳೆ ಪರದೆ ಬಳಸಿರಿ. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚುತ್ತದೆ. ಹೆಚ್ಚಾಗಿ ನೋವಿರುವುದಿಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ.

4. ಕಚ್ಚಿದ ಜಾಗವನ್ನು ಕೊಯ್ಯುವುದು, ಹೀರುವುದು, ಹಗ್ಗದಿಂದ ಬಿಗಿಯುವುದು ಕೂಡದು. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಪಟ್ಟಿ ಕಟ್ಟಿ, ಧೈರ್ಯ ಹೇಳಿರಿ.

5. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ, ಪ್ರತಿವಿಷ ಇರುವ ಆಸ್ಪತ್ರೆಗೆ ತಡಮಾಡದೆ ಒಯ್ಯಿರಿ.

6. ಹಾವನ್ನು ಹುಡುಕಿ ಕೊಲ್ಲಲು ಹೋಗಬೇಡಿರಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷವಿದೆ.

ಕೊನೆಯದಾಗಿ ನಮ್ಮ ಕಡೆಯ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಾವು ರೈತನ ಮಿತ್ರ ಎಂದು ನಾವು ಭಾಷಣಗಳಲ್ಲಿ ಹೇಳುತ್ತ ಬಂದಿದ್ದೇವೆ. ಅದೂ ನಾವೇ ತೊಡಿಸಿದ ವೇಷ. ಹಾವು ಯಾರ ಮಿತ್ರನೂ ಅಲ್ಲ, ಯಾರ ಶತ್ರುವೂ ಅಲ್ಲ. ಇಲಿ ತಿಂದು ನಿಮಗೆ ಉಪಕರಿಸಿದ ನಾಗರಹಾವೇ ಕತ್ತಲಲ್ಲಿ ನೀವು ತುಳಿದರೆ ಕಚ್ಚುತ್ತದೆ. ಅದರಲ್ಲಿ ದ್ರೋಹವೇನೂ ಇಲ್ಲ. ಹಾವಿನ ಮನಸ್ಸನ್ನು ಊಹಿಸುವುದನ್ನು ಬಿಟ್ಟು ಅದರ ನಡವಳಿಕೆಯನ್ನು ತಿಳಿದುಕೊಳ್ಳಿರಿ.

ಆ ಹಿರಿಯರಿಗೂ ಇದನ್ನೇ ಹೇಳಿದೆ. ಎರಡನೆಯ ಕೇರೆಹಾವನ್ನು ಹೊಡೆಯದೆ ಬಿಡಿ, ಬಣವೆಯನ್ನು ದೂರಕ್ಕೆ ಸರಿಸಿ, ಇಂದೇ ಒಂದು ಬ್ಯಾಟರಿ ದೀಪ ಕೊಳ್ಳಿ ಎಂದೆ.