ಚೌತಿಯ ಚಂದ್ರ ಪುಣೆಗೆ ಎಷ್ಟು ಹೊತ್ತಿಗೆ ಬರುತ್ತಾನೆ?

ಪುಣೆಯ ಕನ್ನಡದ ಮನೆಗಳಲ್ಲಿ ಊರಿಂದ ತಂದ ಕ್ಯಾಲೆಂಡರ್ ಗೋಡೆಯ ಮೇಲಿರುವುದು ಸಾಮಾನ್ಯ. ಸಂಕಷ್ಟಿಯ ಉಪವಾಸ ಬಿಡುವುದು ಚಂದ್ರನನ್ನು ನೋಡಿದ ಮೇಲೆ. ಕ್ಯಾಲೆಂಡರಿನಲ್ಲಿ ಚಂದ್ರೋದಯದ ಗಂಟೆ, ನಿಮಿಷ ಅಚ್ಚಾಗಿರುತ್ತದೆ. ಆ ಹೊತ್ತಿಗೆ ಅರ್ಘ್ಯದ ನೀರು ಹಿಡಿದು ಟೆರೇಸಿಗೆ ಹೋದರೆ ಚಂದ್ರನೇ ಇಲ್ಲ! ಹಸಿದವರು ಪಂಚಾಂಗದವರನ್ನು ಬೈಯುತ್ತಾರೆ. ಆದರೆ ತಪ್ಪು ಪಂಚಾಂಗದ್ದಲ್ಲ. ಚಂದ್ರ ದೇಶಕ್ಕೆಲ್ಲ ಒಂದೇ ಹೊತ್ತಿಗೆ ಹುಟ್ಟುತ್ತಾನೆಂಬ ನಂಬಿಕೆಯದು.

ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು 77.6ರಲ್ಲಿದೆ, ಪುಣೆ ಇನ್ನೂ ಪಶ್ಚಿಮಕ್ಕೆ 73.9ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಎರಡೂ ಊರುಗಳ ನಡುವೆ ಸುಮಾರು 15 ನಿಮಿಷ. ಹಾಗಾದರೆ ಬೆಂಗಳೂರಿನ ಹೊತ್ತಿಗೆ 15 ಕೂಡಿಸಿದರಾಯಿತು ಎನ್ನುವವರಿದ್ದಾರೆ. ಇದು ಎರಡನೆಯ ತಪ್ಪು, ಮೊದಲನೆಯದಕ್ಕಿಂತ ಸ್ವಾರಸ್ಯದ್ದು. ಪುಣೆಯ ಅಕ್ಷಾಂಶ 18.5, ಬೆಂಗಳೂರಿನದು 13. ಚಂದ್ರ ಆಕಾಶದ ಉತ್ತರ ಭಾಗದಲ್ಲಿದ್ದಾಗ ಉತ್ತರದ ಊರುಗಳಿಗೆ ಬೇಗ ಕಾಣಿಸುತ್ತಾನೆ, ದಕ್ಷಿಣದಲ್ಲಿದ್ದಾಗ ತಡವಾಗಿ. ಕಾರ್ತಿಕದ ಬಹುಳ ಚೌತಿಗೆ ಅವನು ಉತ್ತರದ ತುದಿಯ ಹತ್ತಿರ ಇರುತ್ತಾನೆ. ಆಗ ಬೆಂಗಳೂರಿಗೂ ಪುಣೆಗೂ ಇರುವ ವ್ಯತ್ಯಾಸ ಮೂರು-ನಾಲ್ಕು ನಿಮಿಷಕ್ಕೆ ಇಳಿಯುತ್ತದೆ. ವೈಶಾಖದ ಚೌತಿಗೆ ದಕ್ಷಿಣದ ತುದಿಯ ಕಡೆ. ಈಚಿನ ವರ್ಷಗಳಲ್ಲಿ ವ್ಯತ್ಯಾಸ 25 ನಿಮಿಷ ದಾಟಿದೆ. ಹುಬ್ಬಳ್ಳಿಯ ಲೆಕ್ಕ ಇನ್ನೂ ವಿಚಿತ್ರ. ಅದು ಪುಣೆಗಿಂತ ಪೂರ್ವಕ್ಕಿದ್ದರೂ ಈಚಿನ ಕಾರ್ತಿಕಗಳಲ್ಲಿ ಚಂದ್ರ ಪುಣೆಯಲ್ಲೇ ಒಂದೆರಡು ನಿಮಿಷ ಮೊದಲು ಹುಟ್ಟಿದ್ದಾನೆ.

ಚಂದ್ರ ದಿನಕ್ಕೆ 50 ನಿಮಿಷ ತಡವಾಗಿ ಹುಟ್ಟುತ್ತಾನೆ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಅದು ಸರಾಸರಿ ಅಷ್ಟೇ. ಪುಣೆಯಲ್ಲಿ ಈ ತಡ ಒಮ್ಮೆ 40 ನಿಮಿಷದ ಹತ್ತಿರ, ಇನ್ನೊಮ್ಮೆ ಒಂದು ಗಂಟೆ. ಹೀಗಾಗಿ ಭಾದ್ರಪದ, ಆಶ್ವಯುಜದ ಸಂಕಷ್ಟಿಗಳಲ್ಲಿ ಎಂಟೂವರೆಯ ಆಸುಪಾಸಿಗೆ ಊಟ ಸಿಕ್ಕರೆ, ಚೈತ್ರ, ವೈಶಾಖದಲ್ಲಿ ಹತ್ತರವರೆಗೆ ಕಾಯಬೇಕು. ಬೇಸಿಗೆಯ ಸಂಕಷ್ಟಿ ಕಠಿಣ ಎಂದು ಹಿರಿಯರು ಹೇಳಿದರೆ ನಂಬಿ, ಅದಕ್ಕೆ ಖಗೋಳದ ಆಧಾರವಿದೆ.

ಇಷ್ಟಾದರೂ ಚಂದ್ರ ಕಾಣಲಿಲ್ಲವೆ? ಅಚ್ಚಾದ ಹೊತ್ತು ಸಮತಟ್ಟಾದ ದಿಗಂತಕ್ಕೆ ಹೇಳಿದ್ದು. ಪುಣೆಯಲ್ಲಿ ಚಂದ್ರ ಒಂದು ಡಿಗ್ರಿ ಮೇಲೇರಲು ನಾಲ್ಕು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಬಾವಧನದವರಿಗೆ ಪೂರ್ವದಲ್ಲಿ ವೇತಾಳ ಟೇಕಡಿ ಅಡ್ಡ. ಮಿಕ್ಕವರಿಗೆ ಎದುರಿನ ಅಪಾರ್ಟ್‌ಮೆಂಟು. ಅದು ಹತ್ತು ಡಿಗ್ರಿ ಮರೆಮಾಡಿದರೆ 40 ನಿಮಿಷ ಹೋದಂತೆ.

ತಿಂಗಳಿಗೊಮ್ಮೆ ಒಂದು ತಾರೀಖಿನ ಮುಂದೆ ಚಂದ್ರೋದಯದ ಹೊತ್ತೇ ಇರುವುದಿಲ್ಲ. ಅದು ಅಚ್ಚಿನ ದೋಷವಲ್ಲ. ಬಹುಳ ಅಷ್ಟಮಿಯ ಆಸುಪಾಸಿನಲ್ಲಿ ಚಂದ್ರ ರಾತ್ರಿ ಹನ್ನೆರಡಕ್ಕೆ ಸ್ವಲ್ಪ ಮೊದಲು ಹುಟ್ಟಿದರೆ, ಮುಂದಿನ ಉದಯ ಮರುದಿನದ ನಡುರಾತ್ರಿಯನ್ನೂ ದಾಟಿಬಿಡುತ್ತದೆ. ನಡುವಿನ ತಾರೀಖಿಗೆ ಉದಯವಿಲ್ಲ. ಶುಕ್ಲ ಅಷ್ಟಮಿಯ ಹೊತ್ತಿಗೆ ಚಂದ್ರಾಸ್ತಕ್ಕೂ ಇದೇ ಗತಿ. ಅಮಾವಾಸ್ಯೆಯಂದು ಚಂದ್ರ ಹುಟ್ಟುವುದೇ ಇಲ್ಲ ಎನ್ನುವುದು ಮಾತ್ರ ಸುಳ್ಳು. ಅಂದು ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತಾನೆ. ಬೆಳಗಿದ ಮೈ ನಮ್ಮ ಕಡೆಗಿಲ್ಲ, ಅಷ್ಟೆ.

ಓದಿದವರಲ್ಲೂ ಗಟ್ಟಿಯಾಗಿ ಕುಳಿತ ತಪ್ಪೆಂದರೆ, ಭೂಮಿಯ ನೆರಳು ಬಿದ್ದು ಚಂದ್ರ ಕ್ಷೀಣಿಸುತ್ತಾನೆ ಎನ್ನುವುದು. ಶುಕ್ಲ ಅಷ್ಟಮಿಯ ಸಂಜೆ ಸೂರ್ಯ ಪಶ್ಚಿಮದಲ್ಲಿ ಮುಳುಗುತ್ತಿರುವಾಗ ಭೂಮಿಯ ನೆರಳು ಚಾಚುವುದು ಪೂರ್ವಕ್ಕೆ. ಅರ್ಧಚಂದ್ರ ಇರುವುದು ಹೆಚ್ಚುಕಡಿಮೆ ನೆತ್ತಿಯ ಮೇಲೆ. ನೆರಳು ಅವನನ್ನು ಮುಟ್ಟುವುದಾದರೂ ಹೇಗೆ? ಮುಟ್ಟುವುದು ಹುಣ್ಣಿಮೆಯಂದು, ಅದೂ ಅಪರೂಪಕ್ಕೆ. ಅದಕ್ಕೆ ಗ್ರಹಣ ಎನ್ನುತ್ತೇವೆ. ಅನುಮಾನವಿದ್ದರೆ ಬಹುಳ ಅಷ್ಟಮಿಯ ಬೆಳಿಗ್ಗೆ ಎಂಟಕ್ಕೆ ಪರ್ವತಿ ಗುಡ್ಡ ಹತ್ತಿ. ಹಗಲಿನಲ್ಲೂ ಚಂದ್ರ ಪಶ್ಚಿಮಕ್ಕೆ ವಾಲಿ ಕಾಣುತ್ತಿರುತ್ತಾನೆ. ಬಿಸಿಲಿನಲ್ಲಿ ಒಂದು ನಿಂಬೆಹಣ್ಣನ್ನು ಅವನ ಪಕ್ಕಕ್ಕೆ ಬರುವಂತೆ ಹಿಡಿಯಿರಿ. ಹಣ್ಣಿನ ಬೆಳಕು, ಕತ್ತಲು ಹೇಗೋ ಚಂದ್ರನದೂ ಹಾಗೇ. ಸೂರ್ಯನ ಬೆಳಕಿಗೆ ಅವನ ಅರ್ಧ ಮೈ ಸದಾ ಬೆಳಗಿರುತ್ತದೆ. ಅದರಲ್ಲಿ ನಮಗೆಷ್ಟು ಕಾಣುತ್ತದೆ ಎನ್ನುವುದೇ ಕಲೆ.

ಯುಗಾದಿಯ ಮರುದಿನ ಚಂದ್ರನ ಯಾವ ಕೊಂಬು ಎತ್ತರವಿದೆ ಎಂದು ನೋಡಿ ಮಳೆಬೆಳೆ ಹೇಳುವವರು ಇನ್ನೂ ಇದ್ದಾರೆ. ನೋಡುವ ಸಂಭ್ರಮಕ್ಕೆ ನನ್ನ ತಕರಾರಿಲ್ಲ, ಭವಿಷ್ಯಕ್ಕೆ ಇದೆ. ಯುಗಾದಿಯ ಹೊತ್ತಿನ ಸಂಜೆ, ಸೂರ್ಯಚಂದ್ರರು ಸಾಗುವ ದಾರಿ ಪುಣೆಯ ಪಶ್ಚಿಮ ದಿಗಂತದಲ್ಲಿ ಬಹುತೇಕ ನೇರವಾಗಿ ನಿಲ್ಲುತ್ತದೆ. ಹಾಗಾಗಿ ಬಿದಿಗೆಯ ಚಂದ್ರ ಪ್ರತಿ ವರ್ಷವೂ ಅಂಗಾತ ಮಲಗಿದಂತೆಯೇ ಕಾಣುತ್ತಾನೆ. ಭಾದ್ರಪದದ ಬಿದಿಗೆಯಲ್ಲಿ ಅದೇ ದಾರಿ ಓರೆಯಾಗುತ್ತದೆ, ಚಂದ್ರನೂ ವಾಲುತ್ತಾನೆ. ಯುಗಾದಿಯ ಕೊಂಬುಗಳಲ್ಲಿ ಕಾಣುವ ಚಿಕ್ಕ ಏರುಪೇರಿಗೆ ಮುಖ್ಯ ಕಾರಣ ಚಂದ್ರನ ಕಕ್ಷೆ ಐದು ಡಿಗ್ರಿ ಓರೆಯಾಗಿರುವುದು. ಆ ಓರೆ 18.6 ವರ್ಷಕ್ಕೆ ಒಂದು ಸುತ್ತು ತಿರುಗುತ್ತದೆ. ಮುಂದಿನ ನೂರು ಯುಗಾದಿಗಳ ಕೊಂಬನ್ನು ಇವತ್ತೇ ಲೆಕ್ಕ ಹಾಕಿಡಬಹುದು. ಮಳೆಯನ್ನು ಹಾಗೆ ಲೆಕ್ಕ ಹಾಕಲಾಗದು.

ಚಂದ್ರ ನೇರ ಪೂರ್ವದಲ್ಲೇ ಹುಟ್ಟುತ್ತಾನೆ ಎನ್ನುವುದೂ ಅರ್ಧ ಸತ್ಯ. 2025ರ ಡಿಸೆಂಬರ್ 4ರ ಹುಣ್ಣಿಮೆಯ ಚಂದ್ರ ಪುಣೆಯಲ್ಲಿ ಪೂರ್ವದಿಂದ ಸುಮಾರು 30 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟಿ, ನೆತ್ತಿಯ ಉತ್ತರಕ್ಕೆ ಹಾದುಹೋದ. ದಿಗಂತದಲ್ಲಿ ದೊಡ್ಡದಾಗಿ ಕಾಣುವುದು ಕಣ್ಣಿನ ಭ್ರಮೆ. ಚಾಚಿದ ಕೈಯ ಕಿರುಬೆರಳು ಎರಡೂ ಹೊತ್ತಿನ ಚಂದ್ರನನ್ನು ಮುಚ್ಚುತ್ತದೆ.

ಕೋಲ್ಕತ್ತಾದಿಂದ ಬರುವ ರಾಷ್ಟ್ರೀಯ ಪಂಚಾಂಗದ ಮೂಲ ಲೆಕ್ಕವೂ 82.5 ಡಿಗ್ರಿಯ ಮಧ್ಯಸ್ಥಾನಕ್ಕೆ ಮಾಡಿದ್ದು, ಪುಣೆಗಲ್ಲ. ಊರಿನ ಕ್ಯಾಲೆಂಡರ್ ಗೋಡೆಯ ಮೇಲಿರಲಿ, ಹಬ್ಬಹರಿದಿನಕ್ಕೆ ಬೇಕು. ಚಂದ್ರೋದಯಕ್ಕೆ ಮಾತ್ರ ಪುಣೆಯ ಹೆಸರಿನಲ್ಲಿ ಕೊಟ್ಟ ಹೊತ್ತನ್ನೇ ನೋಡಿಕೊಳ್ಳಿ. ಮಕ್ಕಳಿಗೆ ಕುತೂಹಲವಿದ್ದರೆ, ಆಕಾಶ ನೋಡುವವರ ಸಂಘವೊಂದು 1944ರಿಂದ ಇದೇ ಊರಿನಲ್ಲಿದೆ: ಜ್ಯೋತಿರ್ವಿದ್ಯಾ ಪರಿಸಂಸ್ಥಾ, ಟಿಳಕ ಸ್ಮಾರಕ ಮಂದಿರದಲ್ಲಿ. ಒಮ್ಮೆ ಕರೆದುಕೊಂಡು ಹೋಗಿ.