ಗಾಜಿನ ತೊಟ್ಟಿಯಲ್ಲಿ ಕಡಲು

ಎಗ್ಮೋರಿನ ವಸ್ತುಸಂಗ್ರಹಾಲಯವನ್ನು ನೋಡದ ಕನ್ನಡ ಬಂಧುಗಳು ವಿರಳ. ಅದರ ಅಧೀಕ್ಷಕರಾಗಿದ್ದ ಎಡ್ಗರ್ ಥರ್ಸ್ಟನ್ನರ ಯೋಜನೆಯಂತೆ 1909ರಲ್ಲಿ ಮರೀನಾ ತೀರದಲ್ಲಿ ಮತ್ಸ್ಯಾಲಯವೊಂದು ತೆರೆಯಿತು. ಯುದ್ಧಭೀತಿಯಿಂದ 1942ರಲ್ಲಿ ಮುಚ್ಚಿತು. ಅಂಥ ಕಡಲನ್ನು ತಮ್ಮ ಬಾಡಿಗೆಕೋಣೆಯಲ್ಲೇ ಕಾಣಬಯಸುವ ತರುಣರಿಗೆ ಎರಡು ಮಾತು.

ಅಡುಗೆಯ ಉಪ್ಪು ಇದಕ್ಕೆ ಸಲ್ಲದು. ಸುಣ್ಣದಂಶ, ಮೆಗ್ನೀಸಿಯಂ ಮೊದಲಾದುವು ಸೇರಿದ, ಇದಕ್ಕೆಂದೇ ಮಾರುವ ಲವಣಮಿಶ್ರಣವನ್ನು ಶುದ್ಧೀಕರಿಸಿದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಮಿನಂತೆ ಕರಗಿಸಬೇಕು. ಒಲೆಯ ಮೇಲೆ ಬತ್ತಿದ ಸಾರಿನಲ್ಲಿ ಉಪ್ಪೇರುವುದನ್ನು ಹೋಟೆಲಿನವರು ಬಲ್ಲರು. ತೊಟ್ಟಿಯಲ್ಲೂ ಆವಿಯಾಗುವುದು ನೀರು ಮಾತ್ರ. ಆದುದರಿಂದ ದಿನವೂ ಸಿಹಿನೀರನ್ನೇ ತುಂಬಬೇಕು. ಮೀನಿನ ಕಲ್ಮಷದಿಂದ ಹುಟ್ಟುವ ಅಮೋನಿಯಾ ವಿಷ. ಅದನ್ನು ಮಾರ್ಪಡಿಸುವ ಸೂಕ್ಷ್ಮಾಣುಗಳು ಕಲ್ಲುಗಳಲ್ಲಿ ನೆಲೆಗೊಳ್ಳಲು ನಾಲ್ಕಾರು ವಾರ ಬೇಕು. ಅದಕ್ಕೆ ಮೊದಲೇ ಮೀನು ಬಿಡುವುದು ಹಿಟ್ಟು ಹುದುಗುವ ಮುನ್ನ ಇಡ್ಲಿ ಹೊಯ್ದಂತೆ. ಆದರೆ ಇಲ್ಲಿ ಕೆಡುವುದು ಹಿಟ್ಟಲ್ಲ, ಜೀವ.

ಇನ್ನು ಹವಳ. ಅದು ಕಲ್ಲಲ್ಲ, ಪ್ರಾಣಿ. ನೀರು ಮಿತಿಮೀರಿ ಕಾದರೆ ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಚೆನ್ನೈಯ ಬೇಸಗೆಯನ್ನು ಅದು ತಾಳಲಾರದು. ಮೇಲಾಗಿ, ದಿಬ್ಬ ಕಟ್ಟುವ ಹವಳಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿವೆ. ಅವನ್ನು ಕಡಲಿನಿಂದ ಕಿತ್ತು ತರುವುದೂ ಮಾರುವುದೂ ಅಪರಾಧ. ಮನ್ನಾರ್ ಕೊಲ್ಲಿಯ ಹವಳ ಅಲ್ಲಿಯೇ ಬಾಳಲಿ. ನಮಗೆ ಕೃತಕ ಬಂಡೆಯೂ, ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಒಂದು ಜೋಡಿ ಕ್ಲೌನ್ ಮೀನೂ ಸಾಕು.

ರಜೆಯಲ್ಲಿ ಊರಿಗೆ ಹೊರಡುವವರು ನೀರು ತುಂಬುವುದಕ್ಕೆ ಗೆಳೆಯನೊಬ್ಬನನ್ನು ಗೊತ್ತುಮಾಡಿಯೇ ರೈಲು ಹತ್ತಲಿ. ಊಟಕ್ಕೆ ನಮ್ಮನ್ನೇ ನಂಬಿದವರನ್ನು ಮರೆಯುವುದು ಹೋಟೆಲಿನವರ ಧರ್ಮವಲ್ಲ.